ದಸರೆಯ ರಜೆಗೆ ಮುನ್ನಿನ ಮುಂಜಾನೆ

ದಸರೆಯ ರಜೆ ಮೊದಲಾಗುವುದಕ್ಕೆ ಹಿಂದಿನ ಶಾಲಾದಿನವು ಎಳೆಯ ಮಕ್ಕಳ ಪಾಲಿಗೆ ಅತ್ಯಂತ ಉತ್ಕಂಠೆಯ ದಿನ; ಅಂದು ಪಾಠದಲ್ಲಿ ಮನಸ್ಸು ನಿಲ್ಲದು, ಮನೆಗೆ ಬಿಡುವ ಗಂಟೆಯೂ ಬೇಗ ಬಾರಿಸದು. ಆ ದಿನವನ್ನು ಒಂದು ಸಣ್ಣ ಉತ್ಸವವಾಗಿ ಮಾರ್ಪಡಿಸುವ ಪರಿಪಾಠ ಈಗ ಅನೇಕ ಶಾಲೆಗಳಲ್ಲಿ ಬೆಳೆದಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಬಲೂನು, ಕೇಕು, ಧ್ವನಿವರ್ಧಕ ಇವೆಲ್ಲವೂ ಹಿರಿಯರು ತಂದು, ಹಿರಿಯರು ಕಟ್ಟಿ, ಹಿರಿಯರೇ ಹಂಚುವ ವಸ್ತುಗಳಾದುದರಿಂದ, ಮಗುವಿಗೆ ಉಳಿಯುವುದು ಕುಳಿತು ನೋಡುವ ಕೆಲಸ, ಕೈಚಾಚುವ ಕೆಲಸ ಇವೆರಡೇ. ಆರೇಳು ವರ್ಷದ ಮಗುವಿಗೆ ಹಬ್ಬದ ಸಿದ್ಧತೆಯೇ ಹಬ್ಬ. ಅದನ್ನು ಅದರ ಕೈಯಿಂದ ಕಸಿದುಕೊಂಡು, ಸಿದ್ಧವಾದ ಸಂಭ್ರಮವನ್ನು ಎದುರಿಗಿಟ್ಟರೆ, ಕಾಲುಗಂಟೆಯಲ್ಲಿ ಅದಕ್ಕೆ ಬೇಸರ ಬರುತ್ತದೆ.

ಮಕ್ಕಳೇ ನಡೆಸುವ ಹಬ್ಬಕ್ಕೆ ಮಾದರಿಯನ್ನು ದೂರದಲ್ಲೆಲ್ಲೋ ಹುಡುಕಬೇಕಾದುದಿಲ್ಲ. ಹಿಂದಿನ ಕಾಲದ ಕೂಲಿಮಠಗಳಲ್ಲಿ, ಮಳಲಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದ ಮಕ್ಕಳು, ನವರಾತ್ರಿ ಬಂದೊಡನೆ ಮಡಿಬಟ್ಟೆಯುಟ್ಟು, ಕೋಲು ಹಿಡಿದು, ತಮ್ಮ ಅಯ್ಯನವರ ಹಿಂದೆ ಸಾಲುಗೂಡಿ ಮನೆಮನೆಯ ಅಂಗಳಕ್ಕೆ ಹೋಗಿ ಮಹಾನವಮಿಯ ಚೌಪದಗಳನ್ನು, ಎಂದರೆ ನಾಲ್ಕು ಸಾಲಿನ ಪದಗಳನ್ನು, ಹಾಡುತ್ತಿದ್ದರು. ಮನೆಯವರು ಅಯ್ಯನವರಿಗೆ ಅಕ್ಕಿಯನ್ನೋ ಕಾಸನ್ನೋ ಕೊಟ್ಟು, ಮಕ್ಕಳ ಕೈಗೆ ಕಡಲೆ-ಬೆಲ್ಲ ಹಾಕುತ್ತಿದ್ದರು. ನಿಶ್ಚಿತ ಸಂಬಳವಿಲ್ಲದೆ ಊರವರು ಕೊಟ್ಟದ್ದರಿಂದ ಬದುಕುತ್ತಿದ್ದ ಆ ಉಪಾಧ್ಯಾಯರಿಗೆ ಇದು ಜೀವನೋಪಾಯವೂ ಹೌದು, ಊರಿನ ಮುಂದೆ ತಮ್ಮ ವಿದ್ಯಾರ್ಥಿಗಳ ಕಂಠವನ್ನೂ ನೆನಪಿನ ಶಕ್ತಿಯನ್ನೂ ಮೆರೆಸುವ ಅವಕಾಶವೂ ಹೌದು. ತೆಲುಗು ನಾಡಿನಲ್ಲಿಯೂ ಪುಟ್ಟ ಬಿಲ್ಲುಗಳನ್ನು ಹಿಡಿದ ಮಕ್ಕಳು ದಸರೆಯ ಪದ ಹಾಡಿ ಪಪ್ಪು-ಬೆಲ್ಲ ಪಡೆಯುವ ಇಂಥದೇ ರೂಢಿಯಿತ್ತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರುವ ತನಕ ಮದರಾಸಿನ ಆಡಳಿತದಲ್ಲಿದ್ದು, ಎರಡು ನುಡಿಗಳನ್ನೂ ಬೀದಿಯಲ್ಲಿ ಕೇಳುತ್ತ ಬೆಳೆದ ಈ ಬಳ್ಳಾರಿ ಸೀಮೆಗೆ ಆ ಎರಡು ಸಂಪ್ರದಾಯಗಳೂ ಅನ್ಯವಲ್ಲ.

ಹಂಪೆಯ ಬಳಿಯ ಕಡ್ಡಿರಾಂಪುರದಂಥ ಊರಿನ ಶಾಲೆಗಾದರೋ ಇದಕ್ಕಿಂತ ಹಿರಿದಾದ ಭಾಗ್ಯವೊಂದಿದೆ. 1443ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನೂ, ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನೂ ಬೆರಗಾಗಿ ವರ್ಣಿಸಿದ ವಿಜಯನಗರದ ಮಹಾನವಮಿಯು ನಡೆದ ನೆಲ ಇಲ್ಲಿಂದ ಕೆಲವೇ ಮೈಲಿಗಳ ದೂರದಲ್ಲಿದೆ. ಸಿಂಗರಿಸಿದ ಆನೆ, ಕುದುರೆ, ಜಟ್ಟಿಗಳ ಕಾಳಗ, ರಾತ್ರಿಯ ಬಾಣಬಿರುಸು ಎಲ್ಲವನ್ನೂ ಪಾಯೆಸನು ಕಂಡು ಬರೆದಿಟ್ಟಿದ್ದಾನೆ. ಅಲ್ಲಿನ ಹಜಾರರಾಮ ದೇವಾಲಯದ ಪ್ರಾಕಾರದ ಹೊರಗೋಡೆಯ ಮೇಲೆ ಆನೆಗಳು, ಕುದುರೆಗಳು, ಕಾಲಾಳುಗಳು, ನರ್ತಕಿಯರು ಒಂದರ ಮೇಲೊಂದು ಪಟ್ಟಿಯಾಗಿ ಇಂದಿಗೂ ಮೆರವಣಿಗೆ ಹೊರಟಿರುವರು. ಹಬ್ಬಕ್ಕೆ ಹತ್ತು ದಿನ ಮೊದಲು ಉಪಾಧ್ಯಾಯರು ಮಕ್ಕಳನ್ನು ಆ ಗೋಡೆಯ ಮುಂದೆ ಕರೆದೊಯ್ದು ನಿಲ್ಲಿಸಲಿ. ರಾಜವಂಶಗಳ ಹೆಸರು, ಯುದ್ಧಗಳ ಇಸವಿ ಯಾವುದೂ ಬೇಡ. ಪ್ರತಿಯೊಂದು ಮಗುವೂ ತನಗೆ ಮೆಚ್ಚಾದ ಒಂದೇ ಒಂದು ಪ್ರಾಣಿಯನ್ನೋ ಮನುಷ್ಯನನ್ನೋ ಆರಿಸಿಕೊಂಡು, ಮನಸ್ಸಿನಲ್ಲಿ ತುಂಬಿಕೊಂಡು ಬಂದು, ಹಾಳೆಯ ಮೇಲೆ ಬರೆದರೆ ಸಾಕು. ಸೊಂಡಿಲು ಮೋಟಾಗಿ ಕಾಲು ಐದಾದರೂ ತಿದ್ದತಕ್ಕುದಲ್ಲ.

ಈ ಚಿತ್ರಗಳಿಗೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ಸ್ಥಳ ಮೊದಲೇ ಸಿದ್ಧವಾಗಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ, ಮುಂದೆ ರಾಜ್ಯದ ಉದ್ದಗಲಕ್ಕೂ ಹಬ್ಬಿದ ನಲಿ-ಕಲಿ ಪದ್ಧತಿಯ ಕೊಠಡಿಗಳನ್ನು ನೋಡಿದವರು ಬಲ್ಲರು: ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪುಗುಂಪಾಗಿ ಕುಳಿತಿರುತ್ತಾರೆ, ಗೋಡೆಯ ಕಪ್ಪುಹಲಗೆ ಅವರ ಎತ್ತರಕ್ಕೇ ಇರುತ್ತದೆ, ತಲೆಯ ಮೇಲೆ ಹುರಿಗಳನ್ನು ಅಡ್ಡಡ್ಡ ಬಿಗಿದು ಕಟ್ಟಿದ ಕಲಿಕಾ ಚಪ್ಪರದಲ್ಲಿ ಅವರ ಕೈಕೆಲಸಗಳು ತೂಗಾಡುತ್ತಿರುತ್ತವೆ. ಆ ಚಪ್ಪರವೇ ಹಬ್ಬದ ಮಂಟಪ. ಅಂಗಡಿಯ ಬಣ್ಣದ ಕಾಗದಕ್ಕಿಂತ, ಮಕ್ಕಳು ಬರೆದ ಆನೆ-ಕುದುರೆಗಳು ಅಲ್ಲಿ ಸಾಲಾಗಿ ನಡೆಯುವುದು ಎಷ್ಟೋ ಪಾಲು ಮೇಲು.

ತೋರಣದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುವ ಆಸೆ. ಹೊಸಪೇಟೆ, ಕಮಲಾಪುರ, ಕಂಪ್ಲಿಯ ಕಾಲುವೆಗಳ ಆಸುಪಾಸಿನಲ್ಲಿ ಬಾಳೆಯ ತೋಟಗಳಿಗೆ ಬರವಿಲ್ಲ. ಚೆಂಡುಹೂವೂ ದಸರೆಯ ವೇಳೆಗೆ ರಾಶಿಯಾಗಿ ಬರುತ್ತದೆ. ಎಳೆಯ ಕೈಗೆ ಸೂಜಿ ಸಲ್ಲದು. ಬಾಳೆಯ ದಿಂಡಿನ ಹೊರಪಟ್ಟೆಯಿಂದ ತೆಗೆದ ನಾರನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಯಿಟ್ಟರೆ ಬೆಳಗಿಗೆ ಮೆತ್ತಗಾಗಿ, ಎಳೆದರೆ ತುಂಡಾಗದಂತೆ ಪಳಗಿರುತ್ತದೆ; ಒಣನಾರಾದರೆ ಗಂಟು ಬಿಗಿಯುವಷ್ಟರಲ್ಲಿ ಕಡಿದುಹೋಗಿ ಮಗು ಕಣ್ಣೀರಿಡುತ್ತದೆ. ಒಂದು ಮಗು ಹೂವನ್ನು ತೊಟ್ಟಿನಲ್ಲಿ ಹಿಡಿಯುವುದು, ಇನ್ನೊಂದು ನಾರನ್ನು ಎರಡು ಸುತ್ತು ಸುತ್ತಿ ಗಂಟಿಕ್ಕುವುದು, ಎರಡು ಹೂವಿನ ನಡುವೆ ಒಂದು ಮಾವಿನೆಲೆ. ಮೂರನೆಯ ತರಗತಿಯ ಹುಡುಗಿಯೊಬ್ಬಳು ಒಂದನೆಯ ತರಗತಿಯ ತಮ್ಮನ ಬೆರಳನ್ನು ಗಂಟಿನ ಮೇಲೆ ಒತ್ತಿಹಿಡಿಸಿ, ‘ಬಿಡಬ್ಯಾಡೋ, ಹಿಂಗ ಹಿಡ್ಕ’ ಎನ್ನುವಾಗ ಅಲ್ಲಿ ನಡೆಯುವ ಶಿಕ್ಷಣವು ಉಪಾಧ್ಯಾಯರಿಂದಲೂ ಆಗದಂಥದು. ಮಾಲೆ ಡೊಂಕಾಗಿದ್ದರೆ ಡೊಂಕಾಗಿಯೇ ಬಾಗಿಲಿಗೆ ಕಟ್ಟತಕ್ಕುದು.

ಕೋಲಾಟಕ್ಕೆ ಎರಡು ವಾರದ ಅಭ್ಯಾಸ ಬೇಕು. ಮೊದಲ ವಾರ ಬರಿಯ ಚಪ್ಪಾಳೆ; ಲಯವು ಮೈಗೆ ಹತ್ತಿದ ಮೇಲೆ ಕೋಲು, ಅದೂ ತುದಿಯನ್ನು ದುಂಡಗೆ ಉಜ್ಜಿದ, ಮಗುವಿನ ಮೊಣಕೈಯಿಂದ ಬೆರಳ ತುದಿಯನ್ನು ಮೀರದ ಗಿಡ್ಡ ಕೋಲು. ಬಹುಮಾನ, ಸ್ಪರ್ಧೆ, ಮುಖ್ಯ ಅತಿಥಿ, ಭಾಷಣ ಇವನ್ನು ಸರ್ವಥಾ ವರ್ಜಿಸಬೇಕೆಂದೇ ನನ್ನ ಖಚಿತಾಭಿಪ್ರಾಯ. ವೇದಿಕೆಗೆ ಬದಲಾಗಿ ಹಳೆಯ ಚೌಪದದ ಕ್ರಮವನ್ನೇ ಶಾಲೆಯೊಳಗೆ ಹಿಡಿಯಬಹುದು: ಈ ಪುಟ್ಟ ತಂಡವು ತಮ್ಮ ಕೊಠಡಿಯಿಂದ ಹೊರಟು ಹಿರಿಯ ತರಗತಿಗಳ ಬಾಗಿಲಿಗೆ, ಅಲ್ಲಿಂದ ಬಿಸಿಯೂಟದ ಅಡುಗೆಮನೆಯ ಬಾಗಿಲಿಗೆ ಹೋಗಿ, ತಮ್ಮ ಊರಿನ ಕಾಲುವೆ, ಬಂಡೆ, ಬಾಳೆತೋಟಗಳನ್ನು ಕುರಿತು ತಾವೇ ಕಟ್ಟಿದ ನಾಲ್ಕು ಸಾಲುಗಳನ್ನು ಹಾಡಿ ಬರಲಿ. ಗುಂಪಿನ ನಡುವೆ ನಾಚಿಕೆಯ ಮಗುವೂ ಹಾಡುತ್ತದೆ. ಒಂಟಿಯಾಗಿ ಧ್ವನಿವರ್ಧಕದ ಮುಂದೆ ನಿಲ್ಲಿಸಿದರೆ ಅದು ಮುಂದಿನ ವರ್ಷಕ್ಕೂ ಹೆದರಿಕೊಂಡಿರುತ್ತದೆ.

ತಿನಿಸಿನಲ್ಲಿ ಮಿತವೇ ಲೇಸು. ಈ ಭಾಗದ ಜಿಲ್ಲೆಗಳಲ್ಲಿ 2002ರಿಂದ ನಡೆದುಬಂದಿರುವ ಅಕ್ಷರ ದಾಸೋಹದ ಊಟ ಮಧ್ಯಾಹ್ನಕ್ಕೆ ಹೇಗೂ ಇದೆ. ಆದಕಾರಣ ಬೆಳಗಿನ ಹೊತ್ತು ಬಾಳೆಯೆಲೆಯ ತುಂಡಿನ ಮೇಲೆ ಒಂದು ಬಾಳೆಹಣ್ಣು, ಒಂದು ಹಿಡಿ ಮಂಡಕ್ಕಿ, ಪುಟಾಣಿ-ಬೆಲ್ಲ ಸಾಕು. ಶೇಂಗಾ ಸೇರಿಸುವುದಾದರೆ, ಅದು ಕೆಲವು ಮಕ್ಕಳ ಮೈಗೆ ಒಗ್ಗುವುದಿಲ್ಲವಾದ್ದರಿಂದ ಮನೆಯವರನ್ನು ಮೊದಲೇ ಕೇಳಿಕೊಳ್ಳಬೇಕು. ಅಕ್ಕನ ಸಂಗಡ ಬಂದ ಅಂಗನವಾಡಿಯ ಕೂಸುಗಳಿಗೆ ಇಡಿಯ ಶೇಂಗಾ, ಇಡಿಯ ಪುಟಾಣಿ ಎರಡನ್ನೂ ಕೊಡಲೇಬಾರದು, ಗಂಟಲಿಗೆ ಸಿಕ್ಕುವ ಭಯವುಂಟು. ಅವರಿಗೆ ಪುಟಾಣಿಯನ್ನು ಹಿಟ್ಟು ಮಾಡಿ ಬೆಲ್ಲದೊಡನೆ ಕಲಸಿಕೊಡಬಹುದು.

ಇನ್ನೊಂದು ಮಾತು. ಕಡ್ಡಿರಾಂಪುರದ ಬಳಿಯಲ್ಲಿಯೇ ಹಳೆಯ ಮುಸ್ಲಿಮ್ ಗೋರಿಗಳಿವೆ. ವಿಜಯನಗರದಲ್ಲಿ ಹಲವು ಮತಗಳ ಜನ ನೆರೆಹೊರೆಯಾಗಿ ಬಾಳಿದರೆಂಬುದಕ್ಕೆ ಅವು ಸಾಕ್ಷಿ. ಹೊಸಪೇಟೆ ಸುತ್ತಿನ ತರಗತಿಗಳಲ್ಲಿ ಇಂದಿಗೂ ನಾನಾ ಮನೆಗಳ ಮಕ್ಕಳು ಒಟ್ಟಿಗೆ ಕೂಡುತ್ತಾರೆ. ಘಟಸ್ಥಾಪನೆ, ಬನ್ನಿ ಮುಡಿಯುವುದು ಮೊದಲಾದ ವಿಧಿಗಳು ಮನೆಗೆ ಸೇರಿದುವು, ಮನೆಯಲ್ಲಿಯೇ ಅವಕ್ಕೆ ಶೋಭೆ. ಹೂವು, ಹಾಡು, ಕೋಲು, ಆನೆಯ ಚಿತ್ರ ಇವು ಎಲ್ಲರಿಗೂ ಸೇರಿದುವು. ಶಾಲೆ ಇವನ್ನು ಇಟ್ಟುಕೊಂಡರೆ ಯಾವ ಮಗುವೂ ಬಾಗಿಲ ಹೊರಗೆ ನಿಲ್ಲಬೇಕಾಗದು. ಒಟ್ಟು ಸಮಾರಂಭ ಒಂದೂವರೆ ಗಂಟೆಯನ್ನು ಮೀರದಿರಲಿ. ಕಸ ಗುಡಿಸುವುದೂ, ಎಲೆಗಳನ್ನು ಗೊಬ್ಬರದ ಗುಂಡಿಗೆ ಹಾಕುವುದೂ ಮಕ್ಕಳ ಪಾಲಿಗೇ ಇರಲಿ. ಆ ವಯಸ್ಸಿನಲ್ಲಿ ಅದನ್ನೂ ಅವರು ಆಟವೆಂದೇ ಎಣಿಸುತ್ತಾರೆ.

ಚೌಪದದ ಧಾಟಿಯನ್ನು ಬಲ್ಲವರು ಈಗ ಬಹಳ ಮಂದಿ ಉಳಿದಿಲ್ಲ. ಹೊಸಪೇಟೆ, ಸಂಡೂರು, ಕಂಪ್ಲಿಯ ಸೀಮೆಯಲ್ಲಿ ಬಾಲ್ಯದಲ್ಲಿ ಅದನ್ನು ಹಾಡಿದ, ಕೇಳಿದ ಹಿರಿಯರು ಯಾರಾದರೂ ಈ ಅಂಕಣವನ್ನು ಓದುತ್ತಿದ್ದರೆ, ಅವರಲ್ಲಿ ನನ್ನ ವಿನಮ್ರ ಪ್ರಾರ್ಥನೆ ಇಷ್ಟೇ: ದಸರೆಗೆ ಮೊದಲು ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು ತಮ್ಮೂರಿನ ಶಾಲೆಗೆ ಹೋಗಿ, ಆ ಧಾಟಿಯನ್ನು ಮಕ್ಕಳಿಗೆ ಹೇಳಿಕೊಟ್ಟು ಬರಬೇಕು.