ಪರದೆಯ ಮೇಲಿನ ಮೃತ್ಯುಪತ್ರ, ಉತಾರದಲ್ಲಿನ ಹೊಲ

ಆನ್‌ಲೈನಿನಲ್ಲಿ ಮೃತ್ಯುಪತ್ರ ಸಿದ್ಧಪಡಿಸುವ ತಾಣಗಳು ಮಹಾನಗರದ ಫ್ಲ್ಯಾಟು, ಠೇವಣಿ, ಮ್ಯೂಚುವಲ್ ಫಂಡುಗಳನ್ನು ಕಣ್ಣಮುಂದಿಟ್ಟುಕೊಂಡು ರೂಪುಗೊಂಡಂತಿವೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಆಸ್ತಿಯ ಬಗೆಯೇ ಬೇರೆ: ಘಟಪ್ರಭೆಯ ನೀರಿನ ಕಬ್ಬಿನ ಹೊಲ, ಸಕ್ಕರೆ ಕಾರ್ಖಾನೆಯ ಶೇರು, ಅಣ್ಣತಮ್ಮಂದಿರು ಇನ್ನೂ ವಾಟ್ನಿ ಮಾಡಿಕೊಳ್ಳದ ಮನೆ.

ತಾಣಗಳ ಗುಣ ಅವುಗಳ ಪ್ರಶ್ನೆಗಳಲ್ಲಿದೆ. ನೀವು ಹೆಸರಿಸಿದವರು ನಿಮಗಿಂತ ಮೊದಲೇ ತೀರಿಕೊಂಡರೆ ಆಸ್ತಿ ಯಾರಿಗೆ? ಪತ್ರದಲ್ಲಿ ಹೇಳದೆ ಉಳಿದದ್ದು ಯಾರಿಗೆ? ಜಾರಿಗೊಳಿಸುವವರು ಯಾರು? ಅವಸರದಲ್ಲಿ ಬರೆಸಿದ ಪತ್ರಗಳಲ್ಲಿ ತಪ್ಪಿಹೋಗುವುದು ಇವೇ.

ದೋಷ ಶುರುವಾಗುವುದು ‘ಇದು ನಿಮ್ಮ ಆಸ್ತಿಯೇ?’ ಎಂಬ ಚೌಕದಲ್ಲಿ. ಉತಾರದಲ್ಲಿ ಹಿರಿಯಣ್ಣನ ಹೆಸರೊಂದೇ ಇದ್ದ ಮಾತ್ರಕ್ಕೆ ಹೊಲ ಅವನೊಬ್ಬನದಾಗದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಮಿನ ಪ್ರಕಾರ ಅವಿಭಕ್ತ ಆಸ್ತಿಯಲ್ಲಿ ತನ್ನ ಪಾಲನ್ನಷ್ಟೇ ಬರೆದುಕೊಡಬಹುದು. 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಕೊಟ್ಟಿತು. ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪು ಅದನ್ನು ಗಟ್ಟಿಮಾಡಿತು. ಮುಸ್ಲಿಂ ಕುಟುಂಬಗಳಲ್ಲಿ ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಬರೆಯಲಾಗದು. ಗೇಣಿ ಹಕ್ಕಿನ ಕಥೆಯೂ ಇಲ್ಲಿಂದ ದೂರದ್ದಲ್ಲ: ಜಮಖಂಡಿ ಭೂ ನ್ಯಾಯಮಂಡಳಿಯಿಂದ ಹೊರಟ ಪ್ರಕರಣವೊಂದರಲ್ಲಿ 1998ರಲ್ಲಿ ಸುಪ್ರೀಂ ಕೋರ್ಟು, ಗೇಣಿ ಹಕ್ಕನ್ನು ಹೊರಗಿನವರಿಗೆ ಮೃತ್ಯುಪತ್ರದಿಂದ ಕೊಡಲಾಗದು ಎಂದಿತು. ಎಲ್ಲರಿಗೂ ಒಂದೇ ಆದ ನಮೂನೆಗೆ ಈ ಸಿಕ್ಕುಗಳು ನಿಲುಕುವುದು ಕಷ್ಟ.

‘ಆನ್‌ಲೈನ್’ ಎಂಬ ಮಾತಿಗೂ ಮಿತಿಯಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಮೃತ್ಯುಪತ್ರ ಮತ್ತು ಟ್ರಸ್ಟ್ ಎರಡನ್ನೂ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಡಿಜಿಟಲ್ ಸಹಿ ಇಲ್ಲಿ ನಡೆಯದು. ಕಾಗದದ ಮೇಲೆ ಸಹಿ ಅಥವಾ ಹೆಬ್ಬೆಟ್ಟು, ಜೊತೆಗೆ ಇಬ್ಬರು ಸಾಕ್ಷಿಗಳು ಬೇಕೇ ಬೇಕು. ಹೊಲ, ಮನೆಯನ್ನು ಬದುಕಿರುವಾಗಲೇ ಟ್ರಸ್ಟಿಗೆ ಒಪ್ಪಿಸುವುದಾದರೆ ನೋಂದಣಿ ಕಡ್ಡಾಯ. ಮೃತ್ಯುಪತ್ರಕ್ಕೆ ನೋಂದಣಿ ಐಚ್ಛಿಕ, ಮುದ್ರಾಂಕ ಶುಲ್ಕವೂ ಇಲ್ಲ.

ಆದರೆ ನನ್ನ ಮುಖ್ಯ ತಕರಾರು ಬೇರೆಯದು. ಹಳ್ಳಿಯ ತಂದೆಯ ಪರವಾಗಿ ಫಾರ್ಮು ತುಂಬುವವನು ಸಾಮಾನ್ಯವಾಗಿ ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುವ ಮಗ. ಲಾಗಿನ್ ಅವನದು, ಹಣ ಕಟ್ಟುವವನು ಅವನು, ಹೆಚ್ಚಿನ ಪಾಲೂ ಬಹುಶಃ ಅವನಿಗೇ. ತಂದೆ ಓದಲಾಗದ ಇಂಗ್ಲಿಷ್ ಪತ್ರಕ್ಕೆ ಸಹಿ ಬೀಳುತ್ತದೆ. ಮೈಸೂರು ಸೀಮೆಯ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1958ರಲ್ಲೇ ಎಚ್ಚರಿಸಿದ್ದು ಇದನ್ನೇ: ಲಾಭ ಪಡೆಯುವವನೇ ಪತ್ರ ಮಾಡಿಸುವುದರಲ್ಲಿ ಮುಂದಾಗಿದ್ದರೆ ಅದು ಅನುಮಾನಕ್ಕೆ ಎಡೆ, ಆ ಅನುಮಾನ ನೀಗಿಸುವ ಹೊಣೆ ಪತ್ರವನ್ನು ಮುಂದಿಡುವವನದೇ. ತಾಣ ಕೊಡುವ ಸಲೀಸು ನಾಳೆ ತಂಗಿಯ ವಕೀಲರ ಕೈಗೆ ಸಿಗುವ ಮೊದಲ ಅಸ್ತ್ರವೂ ಆಗಬಹುದು.

ಆದ್ದರಿಂದ ಈ ತಾಣಗಳ ತೂಕ ಬಳಸುವವರ ಮೇಲೆ ನಿಂತಿದೆ. ಸ್ವಂತ ದುಡಿಮೆಯ ಪ್ಲಾಟು, ಪಿಂಚಣಿಯ ಠೇವಣಿ ಇರುವ, ತಾವೇ ಓದಿ ತುಂಬಬಲ್ಲ ನಿವೃತ್ತ ಶಿಕ್ಷಕಿಗೆ ಇವು ಸಾಕು. ಕೂಡುಕುಟುಂಬದ ಹೊಲವಿದ್ದವರು ಪ್ರಶ್ನಾವಳಿಯನ್ನು ಬಳಸಿಕೊಳ್ಳಲಿ. ಪತ್ರವನ್ನು ಮಾತ್ರ ಉತಾರ, ಹಳೆಯ ಫೇರಫಾರುಗಳನ್ನು ನೋಡಿದ ಸ್ಥಳೀಯ ವಕೀಲರಿಂದ ಕನ್ನಡದಲ್ಲೇ ಬರೆಸಲಿ. ತಮಗಿಂತ ಕಿರಿಯರಾದ, ಪಾಲು ಪಡೆಯದ ಇಬ್ಬರ ಸಾಕ್ಷಿ ಹಾಕಿಸಿ ಉಪನೋಂದಣಾಧಿಕಾರಿಯ ಮುಂದೆ ತಾವೇ ಹೋಗಿ ನಿಲ್ಲಲಿ. ಮಗ ಅಂದು ಕಚೇರಿಯ ಹೊರಗೇ ಇರಲಿ.