ವೃದ್ಧಾಶ್ರಮಗಳಲ್ಲಿ ಔಷಧ ಮತ್ತು ಶುಚಿತ್ವ: ಒಂದು ವಿಮರ್ಶೆ

ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ ೨೦೦೭ರಲ್ಲಿ ಭಾರತದಲ್ಲಿ ರಚಿತವಾದ ಅಧಿನಿಯಮದ ೧೯ನೆಯ ಪ್ರಕರಣವು ಜಿಲ್ಲೆಗೊಂದಾದರೂ ವೃದ್ಧಾಶ್ರಮವನ್ನು, ಕನಿಷ್ಠ ೧೫೦ ಮಂದಿ ನಿರ್ಗತಿಕರಿಗೆ ಸ್ಥಳವಿರುವಂತೆ, ಕಲ್ಪಿಸುತ್ತದೆ. ಆಶ್ರಮದೊಳಗಿನ ಗುಣಮಟ್ಟದ ಮಾತು ಬಂದಾಗ ಮಾತ್ರ ಅದು ವೈದ್ಯಕೀಯ ಆರೈಕೆಯನ್ನೂ ಮನರಂಜನೆಯನ್ನೂ ಒಂದೇ ವಾಕ್ಯದಲ್ಲಿ ಕೂಡಿಸಿ, ವಿವರಗಳನ್ನು ರಾಜ್ಯಗಳ ಯೋಜನೆಗೆ ಬಿಟ್ಟು ಮುಂದೆ ಸಾಗುತ್ತದೆ. ಮಾತ್ರೆಯನ್ನು ಯಾರು ಕೊಡಬೇಕು, ಕೊಟ್ಟುದನ್ನು ಎಲ್ಲಿ ಬರೆದಿಡಬೇಕು ಎಂಬ ಪ್ರಶ್ನೆಗಳಿಗೆ ಆ ಪ್ರಕರಣದಲ್ಲಿ ಉತ್ತರವಿಲ್ಲ.

ಈ ಮೌನ ಅಲ್ಪವಾದುದಲ್ಲ. ಆರೈಕೆಗೃಹಗಳಿಗೆ ನೋಂದಣಿಯೂ ತಪಾಸಣೆಯೂ ಕಡ್ಡಾಯವಾಗಿರುವ ಇಂಗ್ಲೆಂಡಿನಲ್ಲಿಯೇ ೨೦೦೯ರಲ್ಲಿ ಪ್ರಕಟವಾದ ಅಧ್ಯಯನವೊಂದು ೫೫ ಗೃಹಗಳ ೨೫೬ ನಿವಾಸಿಗಳನ್ನು ಪರಿಶೀಲಿಸಿ, ಹತ್ತು ಮಂದಿಯಲ್ಲಿ ಸುಮಾರು ಏಳು ಮಂದಿಯ ವಿಷಯದಲ್ಲಿ ಒಂದಾದರೂ ಔಷಧದೋಷವನ್ನು ಕಂಡಿತು. ವೈದ್ಯರು ಬರೆಯುವಲ್ಲಿ, ಔಷಧಾಲಯ ಒದಗಿಸುವಲ್ಲಿ, ಗೃಹದ ಸಿಬ್ಬಂದಿ ಕೊಡುವಲ್ಲಿ, ಪರಿಣಾಮವನ್ನು ಗಮನಿಸುವಲ್ಲಿ, ಹೀಗೆ ಎಲ್ಲೆಡೆಯೂ ದೋಷವಿತ್ತು. ಹಾನಿಯ ಸಂಭವ ಸರಾಸರಿಯಲ್ಲಿ ಕಡಮೆಯೆಂದು ಅದೇ ಅಧ್ಯಯನ ಎಣಿಸಿತಾದರೂ ಸರಾಸರಿಯು ಒಬ್ಬ ವೃದ್ಧೆಗೆ ಸಮಾಧಾನವಾಗಲಾರದು. ವಾರಕ್ಕೊಮ್ಮೆ ಕೊಡಬೇಕಾದ ಮೆಥೊಟ್ರೆಕ್ಸೇಟನ್ನು ದಿನವೂ ಕೊಟ್ಟರೆ ಅದು ಪ್ರಾಣಾಂತಿಕವೇ.

೨೦೧೪ರಲ್ಲಿ ಅಲ್ಲಿಯೇ ಹೊರಬಂದ ಮಾರ್ಗಸೂಚಿಯು ಸರಿಯಾದ ವ್ಯಕ್ತಿ, ಔಷಧ, ಪ್ರಮಾಣ, ಸಮಯ, ಸೇವನಾಕ್ರಮ ಎಂಬ ಐದರ ಜೊತೆಗೆ ಆರನೆಯದಾಗಿ, ಬೇಡವೆನ್ನುವ ನಿವಾಸಿಯ ಹಕ್ಕನ್ನೂ ಸೇರಿಸಿತು. ಜೈನ ಕುಟುಂಬಗಳು ಹೆಚ್ಚು ಯೋಚಿಸಬೇಕಾದುದು ಈ ಆರನೆಯದನ್ನೇ. ಸೂರ್ಯಾಸ್ತದ ಮೇಲೆ ಏನನ್ನೂ ಸೇವಿಸದ ವ್ರತವುಳ್ಳ ಹಿರಿಯರು ರಾತ್ರಿಯ ಮಾತ್ರೆಯನ್ನು ದಿಂಬಿನಡಿ ಇಟ್ಟುಬಿಟ್ಟರೆ, ಪುಸ್ತಕದಲ್ಲಿ ‘ಕೊಡಲಾಗಿದೆ’ ಎಂಬ ಗುರುತು ಬಿದ್ದಿರುತ್ತದೆ. ಮುಂದಿನ ಬಾರಿ ಬಂದ ವೈದ್ಯರು ಆ ಗುರುತನ್ನು ನಂಬಿ ಪ್ರಮಾಣವನ್ನು ಹೆಚ್ಚಿಸುತ್ತಾರೆ. ಐದೂವರೆಗೆ ಊಟ ಮುಗಿಸಿದವರಿಗೆ ಎಂಟು ಗಂಟೆಗೆ ಊಟದ ಲೆಕ್ಕದ ಇನ್ಸುಲಿನ್ ಚುಚ್ಚುವುದು, ಉಪವಾಸದ ದಿನವೂ ಸಕ್ಕರೆಯ ಮಾತ್ರೆಯನ್ನು ಎಂದಿನಂತೆ ಕೊಡುವುದು ಇನ್ನೂ ಘೋರ. ರಕ್ತದ ಸಕ್ಕರೆ ಕುಸಿದರೆ ನಿದ್ರೆಯೆಂದೇ ಭಾವಿಸಿ ಬಿಟ್ಟುಬಿಡುವ ಸಂಭವವುಂಟು. ಪ್ರಾಣಿಗಳ ಚರ್ಮ, ಎಲುಬುಗಳಿಂದ ತಯಾರಾದ ಜೆಲಾಟಿನ್ ಎಂಬ ಕಾರಣಕ್ಕೆ ಕ್ಯಾಪ್ಸೂಲನ್ನು ಒಡೆದು ಪುಡಿಯನ್ನಷ್ಟೇ ಕೊಡುವ ಪದ್ಧತಿಯೂ ಇದೆ. ಆದರೆ ಕರುಳಿನಲ್ಲಿ ಕರಗಬೇಕಾದ ಕಣಗಳನ್ನು ಅರೆದರೆ ಅವು ಜಠರದಲ್ಲಿಯೇ ನಾಶವಾಗುತ್ತವೆ. ವ್ರತಕ್ಕೂ ಚಿಕಿತ್ಸೆಗೂ ಇಲ್ಲಿ ವಿರೋಧವಿರಲೇಬೇಕೆಂದಿಲ್ಲ. ಸಮಯವನ್ನು ಹಗಲಿಗೆ ಹೊಂದಿಸಲು, ಸಸ್ಯಜನ್ಯ ಕೋಶದ ಔಷಧವನ್ನೋ ಬೇರೆ ರೂಪದ್ದನ್ನೋ ಬರೆದುಕೊಡಲು ಅನೇಕ ಸಂದರ್ಭಗಳಲ್ಲಿ ಸಾಧ್ಯ. ವೈದ್ಯರಿಗೆ ವಿಷಯವನ್ನು ತಿಳಿಸುವವರು ಬೇಕಷ್ಟೆ.

ಇನ್ನು ಶುಚಿತ್ವ. ಧರ್ಮಸಂಸ್ಥೆಗಳ ಆಶ್ರಮಗಳಿಗೆ ಈ ವಿಷಯದಲ್ಲಿ ಹೆಮ್ಮೆ ಸಹಜ: ನೆಲ ಥಳಥಳಿಸುತ್ತದೆ, ನೀರು ಸೋಸಿದ್ದಾಗಿರುತ್ತದೆ. (ಸಂದರ್ಶನಕ್ಕೆ ಬಂದ ದಾನಿಗಳು ನೋಡುವುದೂ ಅಷ್ಟನ್ನೇ.) ೨೦೧೦ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ಒಂದು ಆರೈಕೆಗೃಹದಲ್ಲಿ ಎಂಟು ವೃದ್ಧರಿಗೆ ಹೆಪಟೈಟಿಸ್ ಬಿ ತಗುಲಿ ಆರು ಮಂದಿ ತೀರಿಕೊಂಡರು. ಸಕ್ಕರೆಯ ಪರೀಕ್ಷೆಗಾಗಿ ಬೆರಳು ಚುಚ್ಚುವ ಉಪಕರಣವನ್ನು ಒಬ್ಬರಿಂದೊಬ್ಬರಿಗೆ ಬಳಸಿದ್ದೇ ಅದಕ್ಕೆ ಕಾರಣವೆಂದು ತನಿಖೆಯಿಂದ ತಿಳಿಯಿತು. ಕಣ್ಣಿಗೆ ಕಾಣದ ರಕ್ತದ ಕಣಕ್ಕೆ ಹೊಳೆಯುವ ನೆಲದ ಹಂಗಿಲ್ಲ. ಎಲ್ಲರ ಮಾತ್ರೆಗಳನ್ನೂ ಅರೆಯುವ ಒಂದೇ ಕುಟ್ಟಾಣಿ, ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಕೈತೊಳೆಯದೆ ಹೋಗುವ ಪರಿಚಾರಿಕೆ, ಇಬ್ಬರಿಗೆ ಬಳಕೆಯಾಗುವ ಇನ್ಸುಲಿನ್ ಪೆನ್ನು (ಸೂಜಿ ಬದಲಿಸಿದರೂ ಇದು ಸಲ್ಲದು), ಇವು ಯಾವುವೂ ಸಂದರ್ಶಕರ ಪುಸ್ತಕದಲ್ಲಿ ದಾಖಲಾಗುವುದಿಲ್ಲ.

ಔಷಧದಾನವು ಚತುರ್ವಿಧ ದಾನಗಳಲ್ಲೊಂದೆಂಬ ಶ್ರದ್ಧೆಯಿಂದ ಮನೆಯಲ್ಲಿ ಉಳಿದ ಮಾತ್ರೆಗಳನ್ನು ಆಶ್ರಮಕ್ಕೆ ತಂದುಕೊಡುವವರು ಬಹಳ. ಕತ್ತರಿಸಿದ ಪಟ್ಟಿಯ ತುಂಡಿನಲ್ಲಿ ಔಷಧದ ಹೆಸರು ಅರ್ಧವಿದ್ದು, ಅವಧಿಯ ದಿನಾಂಕವು ದಾನಿಯ ಮನೆಯಲ್ಲಿಯೇ ಉಳಿದಿರುತ್ತದೆ. ಅದನ್ನು ಯಾವ ಬಿಸಿಲಿನಲ್ಲಿ, ಯಾವ ತೇವದಲ್ಲಿ ಇಟ್ಟಿದ್ದರೆಂಬುದು ಯಾರಿಗೂ ತಿಳಿಯದು. ಅಂತಹ ತುಂಡನ್ನು ಹಿಂದಿರುಗಿಸುವ ಅಧಿಕಾರವನ್ನು ಟ್ರಸ್ಟು ಮೇಲ್ವಿಚಾರಕರಿಗೆ ಲಿಖಿತವಾಗಿ ಕೊಡಬೇಕು. ಅದಿಲ್ಲದ ಕಡೆ, ದಾನಿಗೆ ಬೇಸರವಾದೀತೆಂಬ ಸಂಕೋಚದಿಂದ ಅವರು ಅದನ್ನು ಕಪಾಟಿನೊಳಗೆ ಸೇರಿಸಿ ರಸೀತಿ ಬರೆದುಕೊಡುತ್ತಾರೆ.