ಬೆತ್ತವೂ ಗೋಣಿತಟ್ಟೂ

ಬಾಲ್ಯದಲ್ಲಿ ಹಳ್ಳಿಯ ಶಾಲೆಗೆ ಹೋದ ನೆನಪುಗಳನ್ನು ಬರೆಯುವುದು ಕನ್ನಡದಲ್ಲಿ ಒಂದು ಸಂಪ್ರದಾಯವೇ ಆಗಿಹೋಗಿದೆ. ಆತ್ಮಕಥೆಯೆಂದ ಮೇಲೆ ಶಾಲೆ ಬರಬೇಕು; ಶಾಲೆಯೆಂದ ಮೇಲೆ ಐಗಳು; ಐಗಳೆಂದ ಮೇಲೆ ಬೆತ್ತ. ಬೆತ್ತ ಬೀಳುವ ಸ್ಥಳದಲ್ಲಿ ವಾಚಕನು ನಗಬೇಕೆಂಬುದೂ ಈ ಬಗೆಯ ಬರವಣಿಗೆಯ ಒಂದು ಅಲಿಖಿತ ಸೂತ್ರ. ಐವತ್ತು ಅರವತ್ತು ವರ್ಷ ಹಳೆಯದಾದ ನೋವು ನಗೆಯಾಗಿ ಮಾಗುವುದು ಸಹಜವೇ ಸರಿ. ಆದರೆ ಸಹಜವಾದುದೆಲ್ಲವೂ ಯಥಾರ್ಥವೆಂದು ಹೇಳಲಾಗದು. ತಾರ್ಕಿಕರು ಸ್ಮೃತಿಯನ್ನು ಸಂಸ್ಕಾರಮಾತ್ರದಿಂದ ಹುಟ್ಟುವ ಜ್ಞಾನವೆಂದು ಹೇಳಿ, ಅದನ್ನು ಅನುಭವದಿಂದ ಬೇರ್ಪಡಿಸಿಯೇ ಇಟ್ಟರು. ಶಾಲೆಯ ನೆನಪುಗಳನ್ನು ಓದುವವರು ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಇಂಥ ನೆನಪುಗಳ ಮಗ್ಗುಲಲ್ಲಿಟ್ಟು ನೋಡತಕ್ಕ ಹಳೆಯ ಬರಹವೊಂದಿದೆ. ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಬೆಲ್ ಎಂಬಾತನು 1823ರಲ್ಲಿ ಮದರಾಸಿನ ರೆವಿನ್ಯೂ ಬೋರ್ಡಿಗೆ ಕಳುಹಿಸಿದ ವರದಿಯೇ ಅದು. ಆಗ ಆ ಜಿಲ್ಲೆಯಲ್ಲಿ 533 ಶಾಲೆಗಳಿದ್ದುವು. ಅವುಗಳಲ್ಲಿ 235 ಕನ್ನಡದವು. ಬೆಳಗ್ಗೆ ಮೊದಲು ಬಂದ ಬಾಲಕನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಅಂಗೈಗೆ ಒಂದು ಸೊನ್ನೆ. ಅವನು ಹೊಗಳಿಕೆಗೂ ಸಲ್ಲ, ತೆಗಳಿಕೆಗೂ ಸಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಅನಂತರ ಬಂದವರಿಗೆಲ್ಲ ಒಂದೊಂದು ಹೆಚ್ಚು. ಸೋಮಾರಿಗಳನ್ನು ಕೈಗಳೆರಡನ್ನೂ ಕಟ್ಟಿ ಮಾಡಿನಿಂದ ತೂಗುಹಾಕುವ ಶಿಕ್ಷೆಯನ್ನೂ ಆತನು ಹೇಳಿದ್ದಾನೆ. ಕನ್ನಡ ನಾಡಿನಲ್ಲಿ ಅದಕ್ಕೆ ಕೋದಂಡವೆಂದು ಹೆಸರು. ವರದಿಗಾರನು ನಗುವುದಿಲ್ಲ, ಮರುಗುವುದೂ ಇಲ್ಲ. ಆದುದರಿಂದಲೇ ಆ ಅಂಗೈಗಳು ಕಣ್ಣೆದುರು ನಿಲ್ಲುತ್ತವೆ. ನಮ್ಮ ಆತ್ಮಕಥೆಗಳಲ್ಲಿ ಸರಸ್ವತಿಯನ್ನು ಪಡೆದವರೂ ಪೆಟ್ಟು ತಿಂದವರೂ ಬೇಕಾದಷ್ಟು ಮಂದಿ ಸಿಕ್ಕುವರು. ಸೊನ್ನೆಯ ಹುಡುಗನು ಮಾತ್ರ ಸಿಕ್ಕುವುದು ವಿರಳ.

ಅರ್ಥವಿಲ್ಲದೆ ಬಾಯಿಪಾಠ ಮಾಡಿಸುತ್ತಿದ್ದರೆಂಬ ಆಕ್ಷೇಪವನ್ನೂ ಕ್ಯಾಂಬೆಲ್ ಎತ್ತಿದ್ದಾನೆ. ಮಕ್ಕಳು ಓದುತ್ತಿದ್ದ ಪದ್ಯಗಳ ಭಾಷೆ ಆಡುಮಾತಿಗಿಂತ ಬೇರೆಯಾಗಿತ್ತು. ಅನೇಕ ವೇಳೆ ಉಪಾಧ್ಯಾಯನಿಗೇ ಅದು ತಿಳಿಯುತ್ತಿರಲಿಲ್ಲವೆಂದು ಆತನ ದೂರು. ಪಾಠಶಾಲೆಗಳನ್ನು ಬಲ್ಲವರು ಇದನ್ನು ಪೂರ್ತಿಯಾಗಿ ಅಲ್ಲಗಳೆಯಲಾರರು. ಆದರೂ ಹತ್ತನೆಯ ವಯಸ್ಸಿನಲ್ಲಿ ಕಂಠಸ್ಥವಾದ ಪದ್ಯ ನಲವತ್ತನೆಯ ವಯಸ್ಸಿನಲ್ಲಿ ಅರ್ಥವಾಗುವುದುಂಟು. ಆ ಸುಖ ಕಲೆಕ್ಟರ ಲೆಕ್ಕಕ್ಕೆ ಸಿಕ್ಕುವಂಥದಲ್ಲ.

ಲೆಕ್ಕಕ್ಕೆ ಸಿಕ್ಕಿದುದು ಬೇರೊಂದಿದೆ. ಆ 533 ಶಾಲೆಗಳಲ್ಲಿದ್ದ 6,641 ವಿದ್ಯಾರ್ಥಿಗಳ ಪೈಕಿ ಬಾಲಿಕೆಯರು 60 ಮಂದಿ. ನೆನಪಿನ ಸಾಹಿತ್ಯದ ಮೇಲೆ ಹೇಳಬೇಕಾದ ಮುಖ್ಯ ಆಕ್ಷೇಪವು ಇಲ್ಲಿಂದಲೇ ಹುಟ್ಟುತ್ತದೆ. ಬೆತ್ತವನ್ನು ಎಲ್ಲರೂ ನೆನೆಯುವುದೇಕೆ? ಒಳಗೆ ಕುಳಿತವರೆಲ್ಲರಿಗೂ ಅದು ಸಮಾನವಾಗಿತ್ತು. ನೆನೆದರೆ ಯಾರ ಮಾನವೂ ಹೋಗುವುದಿಲ್ಲ. ಸಮಾನವಾಗಿಲ್ಲದಿದ್ದುದು ಕುಳಿತುಕೊಳ್ಳುವ ಸ್ಥಳ. ಯಾರು ಎಲ್ಲಿ ಕುಳಿತರು, ಯಾರು ಬಾಗಿಲಾಚೆ ನಿಂತರು, ಯಾರು ಬರಲೇ ಇಲ್ಲ, ಈ ಪ್ರಶ್ನೆಗಳ ಮುಂದೆ ಎಷ್ಟೋ ಒಳ್ಳೆಯ ಲೇಖನಿಗಳು ಮೌನವಾಗುತ್ತವೆ. ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’ (1980) ಈ ದೃಷ್ಟಿಯಿಂದ ಗಮನಾರ್ಹ. ಅವರ ಮೊದಲ ವಿದ್ಯಾಭ್ಯಾಸ ನಡೆದುದು ಕುಪ್ಪಳಿಯ ಮನೆಯಲ್ಲಿ, ದಕ್ಷಿಣ ಕನ್ನಡದಿಂದ ಕರೆಸಿದ ಉಪಾಧ್ಯಾಯರಿಂದ. ಶಾಲೆಯನ್ನು ಮನೆಗೇ ಕರೆಸಿಕೊಳ್ಳಬಲ್ಲ ಕುಟುಂಬದ ಬಾಲಕನ ನೆನಪು ಇದೆಂಬುದನ್ನು ವಾಚಕನು ಮರೆಯಬಾರದು.

ಇದರ ಎದುರಿಗಿಡಬೇಕಾದುದು ಡಾ. ಅಂಬೇಡ್ಕರರ ‘ವೇಟಿಂಗ್ ಫಾರ್ ಎ ವೀಸಾ’. ಇಂಗ್ಲಿಷಿನಲ್ಲಿ ಬರೆದ ಈ ಕಿರುಹೊತ್ತಗೆ ಅವರ ಕಾಲಾನಂತರ 1990ರಲ್ಲಿ ಪ್ರಕಟವಾಯಿತು. ಅವರು ಬಾಲ್ಯದಲ್ಲಿದ್ದ ಸಾತಾರಾ ಹಳ್ಳಿಯಲ್ಲ, ಪಟ್ಟಣ. ಆದರೆ ಹಳ್ಳಿಯ ಕಟ್ಟಳೆ ಅಲ್ಲಿಯೂ ಮುರಿದಿರಲಿಲ್ಲ. ತರಗತಿಯಲ್ಲಿ ತನ್ನ ಯೋಗ್ಯತೆಗೆ ತಕ್ಕ ಸ್ಥಾನದಲ್ಲಿ ಕೂಡುವಂತಿರಲಿಲ್ಲ. ಮೂಲೆಯಲ್ಲಿ ಒಬ್ಬನೇ, ಪ್ರತ್ಯೇಕವಾದ ಒಂದು ಗೋಣಿತಟ್ಟಿನ ಮೇಲೆ. ಕಸ ಗುಡಿಸುವ ಆಳು ಅದನ್ನು ಮುಟ್ಟುತ್ತಿರಲಿಲ್ಲವಾದುದರಿಂದ ಸಂಜೆ ಮನೆಗೆ ಹೊತ್ತುಕೊಂಡು ಹೋಗಿ, ಮರುದಿನ ಮತ್ತೆ ತರಬೇಕಾಗಿತ್ತು. ಬಾಯಾರಿದರೆ ಉಪಾಧ್ಯಾಯರ ಅಪ್ಪಣೆಯೊಂದೇ ಸಾಲದು. ನಲ್ಲಿ ತಿರುಗಿಸುವುದಕ್ಕೆ ಜವಾನನು ಬರಬೇಕು. ಜವಾನನಿಲ್ಲದ ದಿನ ನೀರಿಲ್ಲ. ಇಷ್ಟನ್ನೂ ಬರೆಯುವಾಗ ಒಂದು ವಿಶೇಷಣವೂ ಅತಿಯಾಗಿಲ್ಲ. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವವೆಂದುದಕ್ಕೆ ಗದ್ಯದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಹುಡುಕುವುದು ಕಷ್ಟ.

ಹಾಗೆಂದು ನಗೆಯೇ ದೋಷವೆಂದು ತಿಳಿಯಬಾರದು. ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ ಹಾಸ್ಯ ಧಾರಾಳವಾಗಿದೆ, ಆದರೆ ಅದು ಕೇರಿಯ ಕಡೆಯಿಂದ ಬರುವ ನಗೆ, ಏನನ್ನೂ ಮುಚ್ಚುವುದಕ್ಕಾಗಿ ಬಂದುದಲ್ಲ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ದ ನಗೆ ಹೆಸರಿನಲ್ಲಿಯೇ ಕುಟುಕುತ್ತದೆ. ಒಂದೇ ರಸವು ಕುಳಿತ ಸ್ಥಳಕ್ಕೆ ತಕ್ಕಂತೆ ಬೇರೆಯಾಗುವುದನ್ನು ಅಲಂಕಾರಶಾಸ್ತ್ರಜ್ಞರು ಇನ್ನೂ ವಿಚಾರಿಸಬೇಕಾಗಿದೆ.

ಇನ್ನು ಮುಂದೆ ಶಾಲೆಯ ನೆನಪುಗಳನ್ನು ಬರೆಯುವವರು ಐಗಳ ಬೆತ್ತದ ಉದ್ದವನ್ನು ಅಳೆಯುವುದಕ್ಕೆ ಮೊದಲು ಆ ಕೋಣೆಯ ಚಿತ್ರವನ್ನೊಮ್ಮೆ ಬರೆದುಕೊಳ್ಳಲಿ: ಚಾಪೆ ಎಲ್ಲಿ ಮುಗಿಯುತ್ತಿತ್ತು, ನೀರಿನ ಗಡಿಗೆ ಯಾವ ಮೂಲೆಯಲ್ಲಿತ್ತು, ಅದರಿಂದ ನೀರನ್ನು ಮೊಗೆದು ಕೊಡುತ್ತಿದ್ದವರು ಯಾರು.